ಗೋಣಿಚೀಲದಲ್ಲಿ ಬಂದ ಗಡಿಯಾರಗಳು

ರೀ,

ಇಂದು ನಿಮ್ಮ ಗಡಿಯಾರಗಳು ಮನೆಗೆ ಬಂದವು. ಬಾಂಬಿಗೆಂದು ಕೂಡಿಟ್ಟಿದ್ದೀರಿ ಎಂದು ಪೊಲೀಸರು ಅಂಗಡಿಯಿಂದ ಹೊತ್ತೊಯ್ದಿದ್ದರಲ್ಲ, ಅವೇ. ಗಡಿಯಾರ ರಿಪೇರಿ ಅಂಗಡಿಯಲ್ಲಿ ಗಡಿಯಾರ ಸಿಕ್ಕಿದ್ದಕ್ಕೆ ಊರೆಲ್ಲ ಎಷ್ಟು ಡಂಗುರ! ನೀವು ನಿರಪರಾಧಿ ಎಂದು ಈಗ ತೀರ್ಪಾಗಿದೆ. ಅದನ್ನು ಕೇಳಲು ನೀವು ಜೈಲಿನಿಂದ ಜೀವಂತವಾಗಿ ಬರಲಿಲ್ಲ.

ಗೋಣಿಚೀಲ ಇಳಿಸಿದ ವಕೀಲರು, "ವಕೀಲರಿಲ್ಲದೆ ಮಾತಾಡಲ್ಲ ಅನ್ನೋ ಹಕ್ಕು ಮೊದಲ ದಿನಾನೇ ಇತ್ತಮ್ಮ. ಯಜಮಾನ್ರಿಗೆ ಯಾರೂ ಹೇಳ್ಲಿಲ್ವಾ?" ಎಂದು ಕೇಳಿದರು. ನಾನು ನೀರು ತರಲು ಒಳಗೆ ಹೋದೆ.

ಪೊಲೀಸರು ನಿಮ್ಮನ್ನು ಕರೆದೊಯ್ಯಲು ಬಂದ ದಿನ ಬಾಗಿಲಲ್ಲಿ ನಾನು ಹೇಳಿದ್ದು ಬೇರೆ: "ಕೇಳಿದ್ದಕ್ಕೆಲ್ಲ ಹೂಂ ಅಂದು ಬೇಗ ಬಂದ್ಬಿಡಿ, ಊಟ ಆರಿಹೋಗುತ್ತೆ." ನೀವು ನನ್ನ ಮಾತು ಯಾವಾಗ ಮೀರಿದ್ದೀರಿ?

ವಕೀಲರು ಹೋದ ಮೇಲೆ ಎಲ್ಲ ಗಡಿಯಾರಗಳಿಗೂ ಕೀ ಕೊಟ್ಟು ಮನೆತುಂಬ ಇಟ್ಟೆ, ಹೊತ್ತು ಮಾತ್ರ ಸರಿಪಡಿಸಲಿಲ್ಲ. ಈಗ ಕಪಾಟಿನ ಮೇಲೆ ಬೆಳಗಾಗುತ್ತಿದೆ, ಮಂಚದ ಬಳಿ ಸಂಜೆ ಇಳಿಯುತ್ತಿದೆ. ಅಡುಗೆಮನೆಯ ಗೂಡಿನಲ್ಲಿ ಊಟದ ಹೊತ್ತು. ಅಲ್ಲಿ ನೀವಿನ್ನೂ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೀರಿ, ಪೊಲೀಸರು ಹೊರಗೆ ಕಾಯುತ್ತಿದ್ದಾರೆ. ನಾನು ಕೈ ಒರೆಸಿಕೊಳ್ಳುತ್ತ ಬಂದು ನಿಮ್ಮ ತೋಳು ಹಿಡಿಯುತ್ತೇನೆ.

"ಒಂದು ಮಾತೂ ಆಡ್ಬೇಡಿ ರೀ. ಊಟ ಆರಿದ್ರೆ ಆರ್ಲಿ."