ಇಳಿತದ ಹೊತ್ತಿಗೆ ಕಡಲು ನೋಡಿದವಳು

ಇಲೋಇಲೋ ನಗರ
ಮೇ 6, 2019

ಪ್ರೀತಿಯ ಮಗ ಆನ್ಸೆಲ್ಮೋನಿಗೆ ನಿನ್ನ ತಾಯಿಯ ಆಶೀರ್ವಾದಗಳು.

ಎಲ್ಲಕ್ಕಿಂತ ಮೊದಲು ಒಂದು ತಿದ್ದುಪಡಿ. ಈಸ್ಟರ್ ರಜೆಯಲ್ಲಿ ಗಿಮರಾಸ್ ದ್ವೀಪದಲ್ಲಿ ನಾವು ತಂಗಿದ್ದ ರೆಸಾರ್ಟನ್ನು "ನಿನ್ನಮ್ಮನೇ ಆರಿಸಿದ್ದು, ಅವಳ ಕಣ್ಣೆಂದ್ರೆ ಕಣ್ಣು" ಎಂದು ನಿನ್ನ ಚಿಕ್ಕಮ್ಮ ಯೂಫೆಮಿಯಾ ಫೋನಿನಲ್ಲಿ ನಿನಗೆ ಹೇಳಿದಳಂತೆ. ಈ ಹೇಳಿಕೆಯಲ್ಲಿ ರಜೆಯೂ ಸರಿ, ದ್ವೀಪವೂ ಸರಿ; ಉಳಿದದ್ದೆಲ್ಲ ತಪ್ಪು. ಆರಿಸಿದವಳು ನಿನ್ನ ಹೆಂಡತಿ ಜೋವೆಲಿನ್. ನಾನು ಆರಿಸಿದ್ದು ಬೇರೊಂದನ್ನು. ನನ್ನ ಮಾತೇ ನಡೆದಿದ್ದರೆ ನಿನ್ನ ತಂದೆ ಕಡಲನ್ನು ಮುಟ್ಟದೆಯೇ ಮನೆಗೆ ಮರಳುತ್ತಿದ್ದರು. ನೀನು ನನಗೆ ಕಳುಹಿಸಿದ ಮೆಚ್ಚುಗೆಯ ಸಂದೇಶವನ್ನು, ನನ್ನದಲ್ಲವೆಂದು ತಿಳಿದೂ, ಎರಡು ವಾರ ನನ್ನಲ್ಲಿಯೇ ಇಟ್ಟುಕೊಂಡಿದ್ದೆ. ಉತ್ತರ ತಡವಾದದ್ದಕ್ಕೆ ಕ್ಷಮಿಸು. ನೀನಿರುವ ಹಡಗು ಸಿಂಗಪುರ ಮುಟ್ಟುವ ವೇಳೆಗೆ ಇದು ಅಲ್ಲಿನ ಏಜೆಂಟರ ಕೈಸೇರಬಹುದೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿಬಿಡಬಹುದಿತ್ತು, ಆದರೆ ತಿದ್ದುಪಡಿ ಎಂಬುದು ಬರಹದಲ್ಲಿರಬೇಕು.

ನಿನ್ನ ತಂದೆಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಯಿತು. ಮೂವತ್ತು ವರ್ಷ ಇಲೋಇಲೋ–ಗಿಮರಾಸ್ ನಡುವೆ ದೋಣಿಯ ಚುಕ್ಕಾಣಿ ಹಿಡಿದ ಮನುಷ್ಯ ಈ ಎರಡು ವರ್ಷಗಳಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದನ್ನೇ: ಎದೆಮಟ್ಟದ ಉಪ್ಪುನೀರು. ಫೆಬ್ರವರಿಯಲ್ಲಿ ವೈದ್ಯರು ನನ್ನನ್ನು ಹೊರಗೆ ಕರೆದು, "ಮುಂದಿನ ಬೇಸಿಗೆ ಅಂತ ಕಾಯ್ಬೇಡಿ ಮೇಡಂ, ಈ ಬೇಸಿಗೇಲೇ ಕರ್ಕೊಂಡು ಹೋಗ್ಬನ್ನಿ" ಎಂದರು. ಆ ಮಾತಿನ ಅರ್ಥವನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾಗಿ ರೆಸಾರ್ಟಿನ ಆಯ್ಕೆ ನಮಗೆ ಮೋಜಿನ ವಿಷಯವಾಗಿರಲಿಲ್ಲ. ನಾನು ಮೆಚ್ಚಿದ್ದು ಎಮರಾಲ್ಡ್ ಕೋವ್ ಎಂಬ ಹೊಸ ರೆಸಾರ್ಟನ್ನು. ಅದರ ಪ್ರಚಾರ ಪುಸ್ತಿಕೆಯಲ್ಲಿ ಒಂದೇ ಒಂದು ಅಲ್ಪವಿರಾಮವೂ ತಪ್ಪು ಜಾಗದಲ್ಲಿರಲಿಲ್ಲ. ಅಷ್ಟು ಶುದ್ಧವಾಗಿ ಬರೆಯುವವರು ಹಾಸಿಗೆಯನ್ನೂ ಶುದ್ಧವಾಗಿಟ್ಟಿರುತ್ತಾರೆಂದು ನಾನು ತೀರ್ಮಾನಿಸಿದೆ. ಚಿತ್ರಗಳಲ್ಲಿ ಅಮೃತಶಿಲೆಯ ಮೆಟ್ಟಿಲು, ಈಜುಕೊಳ, ಮೆಟ್ಟಿಲ ತುದಿಯವರೆಗೂ ಬಂದು ನಿಂತ ಹಸಿರು ಕಡಲು. ಜಾಗವನ್ನು ಒಮ್ಮೆ ಕಣ್ಣಾರೆ ನೋಡದೆ ಮುಂಗಡ ಕೊಡುವವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ. ನನ್ನ ಮಂಡಿ ನೋವಿನ ಕಾರಣ ಜೋವೆಲಿನ್‌ಳನ್ನು ಕಳುಹಿಸಿದೆ. "ನೋಡುವಂಥದ್ದೇನೂ ಇಲ್ಲ, ಅನ್ನದ ಕುಕ್ಕರ್ ತರಬಹುದೇ ಎಂದಷ್ಟೇ ಕೇಳಿಕೊಂಡು ಬಾ" ಎಂದಿದ್ದೆ. ಅವಳು ಬೆಳಗಿನ ದೋಣಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಮರಳಿದಳು. ಮಂಡಿಯವರೆಗೂ ಕೆಸರು.

ಮರುದಿನದ ಊಟಕ್ಕೆ ನಿನ್ನ ಅಕ್ಕ ಮಿಲಾಗ್ರೋಸ್ ಗಂಡ, ಮಕ್ಕಳೊಂದಿಗೆ ಬಂದಿದ್ದಳು; ಯೂಫೆಮಿಯಾಳೂ ಇದ್ದಳು. ಜೋವೆಲಿನ್ ಬಡಿಸುತ್ತಲೇ ಹೇಳಿದಳು: "ಮೇಡಂ, ಅಲ್ಲಿ ಕಡಲಿರಲ್ಲ."

"ಕಡಲಿರಲ್ವಾ? ಯಾಕೆ, ಮಡಚಿ ಬೀರುವಲ್ಲಿ ಇಟ್ಕೊಳ್ತಾರಾ?" ಎಂದು ಯೂಫೆಮಿಯಾ ನಕ್ಕಳು.

"ಹತ್ತು ಗಂಟೆಗೆ ಫೋಟೋದಲ್ಲಿದ್ದ ಹಾಗೇ ಇತ್ತು ಚಿಕ್ಕಮ್ಮ. ನಾನು ಕಾಯ್ಕೊಂಡು ಕೂತೆ. ಮೂರು ಗಂಟೆ ಹೊತ್ತಿಗೆ ನೀರು ಹೊರಟೇ ಹೋಯ್ತು. ನಡೆದು ನೋಡಿದೆ, ನಾನೂರು ಹೆಜ್ಜೆ. ಬರೀ ಪಾಚಿ, ಕೆಸರು, ಕಾಲಿಗೆ ಚುಚ್ಚೋ ಮುಳ್ಳುಹುಳ. ಅಪ್ಪನ ಗಾಲಿ ಕುರ್ಚಿ ಹತ್ತು ಹೆಜ್ಜೆನೂ ಹೋಗಲ್ಲ."

"ಒಂದು ದಿನ ಹಾಗಿತ್ತು ಅಂತ ದಿನಾ ಹಾಗೇ ಇರುತ್ತಾ?" ಎಂದಳು ಮಿಲಾಗ್ರೋಸ್.

"ಹುಣ್ಣಿಮೆ ದಿನಾನೇ ನೋಡ್ಕೊಂಡು ಹೋಗಿದ್ದೆ ಅಕ್ಕ. ಈಸ್ಟರ್ ಬರೋದೇ ಹುಣ್ಣಿಮೆ ಬೆನ್ನಿಗಲ್ವಾ? ಆವಾಗ ಕಡಲು ಜಾಸ್ತಿ ಬರುತ್ತೆ, ಜಾಸ್ತಿ ಹೋಗುತ್ತೆ. ಪವಿತ್ರ ವಾರ ಬಂತು ಅಂದ್ರೆ ತವರಲ್ಲಿ ನಮ್ಮಪ್ಪ ಬಲೆ ಒಣಗಿಸಿ, ಚಿಪ್ಪು ಆರಿಸೋಕೆ ನಮ್ಮನ್ನ ಕಳಿಸೋರು."

"ಹಾಗಿದ್ರೆ ಬೆಳಗ್ಗೆನೇ ಇಳಿಸಿದ್ರಾಯ್ತು."

"ಬೆಳಗ್ಗೆ ಮಾತ್ರೆ ಮಂಪರಲ್ಲಿರ್ತಾರೆ. ಅಪ್ಪ ಪೂರ್ತಿ ಎಚ್ಚರ ಆಗೋದೇ ಮೂರರ ಮೇಲೆ."

ಈ ಸಂಗತಿ ನನಗೆ ತಿಳಿದಿರಲಿಲ್ಲವೆಂದಲ್ಲ. ತಿಳಿದಿದ್ದನ್ನು ಜೋಡಿಸಿ ನೋಡಿರಲಿಲ್ಲ. ಮೂವತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಚಂದ್ರನ ಕಲೆಗಳನ್ನು ಬರೆದೆ, ಈಸ್ಟರ್ ದಿನವನ್ನು ಲೆಕ್ಕಹಾಕುವ ಕ್ರಮವನ್ನು ಬಾಯಿಪಾಠ ಮಾಡಿಸಿದೆ. ಆದರೆ ಇವೆರಡೂ ಸೇರಿ ನನ್ನ ಗಂಡನ ಕಾಲಬುಡದಿಂದ ನೀರನ್ನು ಎಳೆದೊಯ್ಯುತ್ತವೆಂದು ಹೊಳೆಯಲಿಲ್ಲ. ಹೀಗಿದ್ದೂ ಸೋಲೊಪ್ಪಲು ಮನಸ್ಸಾಗದೆ, "ಅಲ್ಲಿ ಈಜುಕೊಳವಿದೆ" ಎಂದೆ.

ಒಳಕೋಣೆಯಿಂದ ನಿನ್ನ ತಂದೆಯ ಧ್ವನಿ ಬಂತು: "ಕೊಳ... ಬೇಡ."

ಅಲ್ಲಿಗೆ ಚರ್ಚೆ ಮುಗಿಯಿತು. ಜೋವೆಲಿನ್ ಅಂದು ಬರಿಗೈಯಲ್ಲಿ ಬಂದಿರಲಿಲ್ಲ. ಕೆಸರು ತುಳಿದುಕೊಂಡು ಗುಡ್ಡದ ಮೂಲೆಯನ್ನು ಬಳಸಿ, ಆಚೆಯ ದಂಡೆಯಲ್ಲಿ ತಾಲಿಸಾಯ್ ಎಂಬ ಹಳೆಯ ತಂಗುದಾಣವನ್ನು ಕಂಡುಹಿಡಿದಿದ್ದಳು: ತಾಲಿಸಾಯ್ ಮರಗಳ ಕೆಳಗೆ ಆರು ಬಿದಿರಿನ ಮನೆಗಳು. ಅಲ್ಲಿ ದಂಡೆ ಇಳಿಜಾರಾದ್ದರಿಂದ ಇಳಿತದಲ್ಲಿಯೂ ನೀರು ದೂರ ಸರಿಯುವುದಿಲ್ಲ. ಬಾಗಿಲ ಅಗಲವನ್ನು ತನ್ನ ಮೊಳದಿಂದ ಅಳೆದಿದ್ದಳು. ಮೂರು ಮೆಟ್ಟಿಲಿಗೆ ಹಲಗೆ ಹಾಕಿಸಿಕೊಡುವಂತೆ ಕೇಳಿದ್ದಳು. ಒಡತಿ ಇವಳಿಗೆ, "ಅಕ್ಕಿ ಮೀನು ನೀವು ತನ್ನಿ, ಒಲೆ ಸೌದೆ ನಂದು, ಯಜಮಾನ್ರಿಗೆ ಗಂಜಿ ಎಷ್ಟೊತ್ತಿಗೆ ಬೇಕೋ ಅಷ್ಟೊತ್ತಿಗೆ ಕಾಯಿಸ್ಕೊಳ್ಳಿ" ಎಂದಿದ್ದಳಂತೆ. ಎಮರಾಲ್ಡ್ ಕೋವ್‌ನಲ್ಲಿ ಹೊರಗಿನ ಅನ್ನ ಬಾಗಿಲು ದಾಟುವಂತಿಲ್ಲ. ಆ ನಿಯಮವನ್ನೂ ಅವರು ಬಹಳ ಶುದ್ಧವಾದ ಭಾಷೆಯಲ್ಲಿ ಅಚ್ಚು ಮಾಡಿಸಿದ್ದಾರೆ. ತಾಲಿಸಾಯ್‌ನ ಫಲಕದಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ. ದೋಣಿಯಿಂದ ಇಳಿಯುತ್ತಲೇ ನಾನದನ್ನು ಎತ್ತಿ ಹೇಳಿದೆ. ಯಾರೂ ಕಿವಿಗೊಡಲಿಲ್ಲ.

ಏಪ್ರಿಲ್ ಇಪ್ಪತ್ತು, ಪವಿತ್ರ ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ. ನಿನ್ನ ಭಾವ ರೊಡೆಲ್ ಒಂದು ಬದಿ, ಜೋವೆಲಿನ್ ಇನ್ನೊಂದು ಬದಿ ಪ್ಲಾಸ್ಟಿಕ್ ಕುರ್ಚಿಯನ್ನು ಹಿಡಿದು ನಿನ್ನ ತಂದೆಯನ್ನು ನೀರಿಗೆ ಇಳಿಸಿದರು. ಮಂಡಿ, ಸೊಂಟ, ಎದೆ. ಆಮೇಲೆ ಜೋವೆಲಿನ್ ಕುರ್ಚಿಯನ್ನು ರೊಡೆಲ್‌ಗೆ ಬಿಟ್ಟು, ಅವರ ಬೆನ್ನ ಕೆಳಗೆ ಎರಡೂ ಅಂಗೈಗಳನ್ನಿಟ್ಟು, "ತಲೆ ನನ್ ಭುಜದ ಮೇಲೆ ಬಿಡಿ ಅಪ್ಪ, ಗಟ್ಟಿ ಮಾಡ್ಕೋಬೇಡಿ" ಎಂದಳು. ನಿನ್ನ ತಂದೆ ತೇಲಿದರು. ಎರಡು ವರ್ಷಗಳಿಂದ ಮಡಚಿಕೊಂಡೇ ಇದ್ದ ಅವರ ಬಲಗೈ ನೀರಿನಲ್ಲಿ ತಾನಾಗಿಯೇ ಬಿಚ್ಚಿಕೊಂಡಿತು. ದಂಡೆಯ ಮೇಲೆ ನಿಂತು ನೋಡಿದವಳು ನಾನು, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ಆಕಾಶವನ್ನು ನೋಡುತ್ತಲೇ ಸ್ಪಷ್ಟವಾಗಿ ಹೇಳಿದರು: "ಎಡಕ್ಕೆ ತಿರುಗಿಸು ಹುಡುಗಿ, ಸೆಳೆತ ಇದೆ." ಅವರು ಕಾಯಿಲೆ ಬಿದ್ದ ಮೇಲೆ ನಾವು ಕೇಳಿದ ಮೊದಲನೆಯ ಪೂರ್ಣ ವಾಕ್ಯ ಅದು.

"ಆಯ್ತು ಕಪ್ತಾನ್ರೇ" ಎಂದು ಜೋವೆಲಿನ್ ತಿರುಗಿಸಿದಳು. ನಿಜಕ್ಕೂ ಅಲ್ಲಿ ಸೆಳೆತವಿತ್ತು.

ಅದೇ ಹೊತ್ತಿಗೆ ಮಿಲಾಗ್ರೋಸ್ ಗುಡ್ಡದ ಮೂಲೆಯವರೆಗೆ ಹೋಗಿ ಎಮರಾಲ್ಡ್ ಕೋವ್ ಕಡೆ ಇಣುಕಿ ಬಂದು, "ಅಮ್ಮಾ, ಅಲ್ಲಿ ಜನ ಬಕೆಟ್ ಹಿಡ್ಕೊಂಡು ಕಡಲು ಹುಡುಕ್ತಾ ಇದ್ದಾರೆ!" ಎಂದಳು. ಯೂಫೆಮಿಯಾ ನಕ್ಕು ನಕ್ಕು ಕೈಯಲ್ಲಿದ್ದ ಮಾವಿನಹಣ್ಣನ್ನು ಮರಳಿಗೆ ಬೀಳಿಸಿದಳು. ನಾನು ನಗಲಿಲ್ಲ. ನಾನು ನಿನ್ನ ಹೆಂಡತಿಯನ್ನು ನೋಡುತ್ತಿದ್ದೆ. ವಿದ್ಯೆಯೆಂದರೆ ಏನೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ನೂರು ಸಲ ಹೇಳಿದ್ದೇನೆ. ಒಬ್ಬ ಮುದುಕನ ಸಲುವಾಗಿ ಕಡಲಿನ ಎದುರು ಐದು ಗಂಟೆ ಕಾದು ಕುಳಿತುಕೊಳ್ಳುವುದೂ ಅದರಲ್ಲಿ ಸೇರಿದೆಯೆಂದು ಒಮ್ಮೆಯೂ ಹೇಳಿರಲಿಲ್ಲ.

ನಿನ್ನ ಮೆಚ್ಚುಗೆಯನ್ನು ಅವಳಿಗೆ ಬೇರೆಯಾಗಿ ಬರೆ. ನನಗೆ ಬರೆದದ್ದನ್ನೇ ನಕಲು ಮಾಡಬೇಡ. ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ಅಕ್ಟೋಬರಿನಲ್ಲಿ ನೀನು ಬಂದಿಳಿಯುವಾಗ ನಿನ್ನ ತಂದೆ ನಿನ್ನನ್ನು ಹೆಸರು ಹಿಡಿದು ಕೂಗುವಂತಾಗಲಿ.

ನಿನ್ನ ತಾಯಿ,
ಪೆರ್ಪೆತುವಾ ಆಲ್ಕೊರಿಸಾ

ಮರೆತ ಮಾತು (ಹಾಗೆನ್ನುವುದು ರೂಢಿ, ಇದನ್ನು ನಾನು ಮರೆತಿರಲಿಲ್ಲ): ನಮ್ಮ ಗುಂಪಿನ ಫೋಟೋದಲ್ಲಿ ಎಲ್ಲರೂ ಹೆಸರು ಅಚ್ಚಾದ ನೀಲಿ ಅಂಗಿ ತೊಟ್ಟಿರುವುದನ್ನು ನೀನು ನೋಡಿರುತ್ತೀಯೆ. ಜೋವೆಲಿನ್ ಎಲ್ಲಿ ಎಂದು ನೀನು ಕೇಳಿದ್ದಕ್ಕೆ ಯೂಫೆಮಿಯಾ, "ಫೋಟೋ ತೆಗೆದೋಳೇ ಅವಳಲ್ವಾ" ಎಂದಳಂತೆ. ಅದನ್ನೂ ತಿದ್ದಬೇಕು. ಪ್ರತಿ ಬೇಸಿಗೆಯ ಕೂಟಕ್ಕೂ ಅಂಗಡಿಗೆ ಹೆಸರಿನ ಪಟ್ಟಿ ಬರೆದುಕೊಡುವವಳು ನಾನು. ರೊಡೆಲ್‌ನ ಹೆಸರು ಮದುವೆಯಾದ ವರ್ಷವೇ ಸೇರಿತು. ಜೋವೆಲಿನ್‌ಳ ಹೆಸರನ್ನು, ಇದು ಐದನೆಯ ಬೇಸಿಗೆ, ನಾನು ಬರೆದಿಲ್ಲ. ಮರೆವಿನಿಂದಲ್ಲ. ಬಲೆ ಬೀಸಿ ಮೀನು ಹಿಡಿಯುವವನ ಮಗಳೆಂದು. ಅಂಗಿಗಳನ್ನು ಹಂಚುವಾಗ ಅವಳು ಕೈಚಾಚಲಿಲ್ಲ. "ಕೊಡಿ ಮೇಡಂ, ಫೋಟೋ ನಾನು ತೆಗೀತೀನಿ" ಎಂದಳು. ನಿನ್ನ ತಂದೆಯನ್ನು ಅಪ್ಪ ಎನ್ನುವವಳು ನನ್ನನ್ನು ಇಂದಿಗೂ ಮೇಡಂ ಎನ್ನುತ್ತಾಳೆ; ಇಷ್ಟು ದಿನ ಅದನ್ನು ಗೌರವವೆಂದುಕೊಂಡಿದ್ದೆ. ನಿನ್ನ ಮಗಳು ಲಿಗಾಯಾ ತನ್ನ ಅಂಗಿಯನ್ನು ತೊಟ್ಟು, "ಅಮ್ಮನ ಅಂಗಿ ಎಲ್ಲಜ್ಜಿ?" ಎಂದಳು. ನನಗೆ ಉತ್ತರ ಹೊಳೆಯುವ ಮೊದಲೇ ಜೋವೆಲಿನ್, "ಅಮ್ಮಂದು ಒಗೆಯೋಕೆ ಹಾಕಿದೆ ಪುಟ್ಟಿ" ಎಂದುಬಿಟ್ಟಳು. ನನ್ನನ್ನು ಕಾಪಾಡಲು.

ಮೂವತ್ತೆಂಟು ವರ್ಷಗಳ ನನ್ನ ಹಾಜರಿ ಪುಸ್ತಕಗಳಲ್ಲಿ ಒಂದು ಹೆಸರೂ ಬಿಟ್ಟುಹೋಗಿಲ್ಲವೆಂದು ನಾನು ಹೆಮ್ಮೆಪಡುತ್ತಿದ್ದೆ. ಏಪ್ರಿಲ್ 20ರಂದು ತಾಲಿಸಾಯ್ ದಂಡೆಯಲ್ಲಿ ಹಾಜರಿದ್ದವರ ಸರಿಯಾದ ಪಟ್ಟಿ ಇದು. ಫೋಟೋದ ಬೆನ್ನಿಗೆ ಅಂಟಿಸಿಡು:

ಜೋವೆಲಿನ್ ಆಲ್ಕೊರಿಸಾ, ಸಿಲ್ವೆಸ್ತ್ರೆ ಆಲ್ಕೊರಿಸಾ, ಲಿಗಾಯಾ, ಮಿಲಾಗ್ರೋಸ್, ರೊಡೆಲ್, ಅವರ ಮಕ್ಕಳಾದ ಜೆಸ್ಸಾ ಮತ್ತು ರೈಮಂಡ್, ಯೂಫೆಮಿಯಾ, ಕೊನೆಯಲ್ಲಿ, ಪೆರ್ಪೆತುವಾ.