ಪಟ್ಟಿ ಬಿಚ್ಚಿದೆ

ಅರ್ಲೆನ್ ಅಣ್ಣನಿಗೆ, ಮೂರು ಮೈಲಿ ಆಚೆಯಿಂದ ನಿನ್ನ ತಂಗಿ ಮಾರಿಟ್ ಬರೆಯುವುದು.

ಟಪಾಲು ಪೆಟ್ಟಿಗೆಯಲ್ಲಿ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಮೂರು ಮೈಲಿಗೆ ಕಾಗದ ಯಾಕೆ, ಅವಳ ಫೋನು ಕೆಟ್ಟಿದೆಯೇ ಎಂದು ಕಾನಿ ಅತ್ತಿಗೆ ಕೇಳಿದರೆ, ಫೋನು ಚೆನ್ನಾಗಿದೆ, ಬಾಯಿ ಕೆಟ್ಟಿದೆ ಎಂದು ಹೇಳು. ನಿನ್ನೆ ನೀನು ಹೋದಾಗಿನಿಂದ ನಾಲ್ಕು ಸಲ ನಿನ್ನ ನಂಬರು ಒತ್ತಿ ನಾಲ್ಕು ಸಲವೂ ಇಟ್ಟುಬಿಟ್ಟಿದ್ದೇನೆ. ನೀನು ಎದುರಿಗಿದ್ದರೆ ಹವಾಮಾನ, ಜಿಂಕೆ, ನಿನ್ನ ಹಾಲಿನ ಲಾರಿಯ ಬ್ರೇಕು ಎಂದು ಸುತ್ತಿ ಬಳಸಿ ಮಾತಾಡಿ ಎದ್ದು ಬರುತ್ತೇನೆ. ಎರಡು ವರ್ಷದಿಂದ ಅದನ್ನೇ ಮಾಡಿದ್ದೇನೆ. ಈ ಕಾಗದದ ಜೊತೆ ಒಂದು ಪುಟ್ಟ ಪೊಟ್ಟಣವಿದೆ. ಓದಿ ಮುಗಿಸುವ ತನಕ ಅದನ್ನು ಮುಟ್ಟಬೇಡ.

ನಿನ್ನೆ ನೀನು ಆಡಿದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ನಾನು ಹೊಡೆದ ಹೆಣ್ಣು ಜಿಂಕೆಯನ್ನು ನೀನು ಇಳಿಜಾರಿನಿಂದ ಎಳೆದು ತಂದು ನಿನ್ನ ಗಾಡಿಯ ಹಿಂದೆ ಹಾಕಿದ್ದೆ. ಹಿಂಬಾಗಿಲ ಚಿಲಕ ಮುರಿದಿದೆಯಲ್ಲ, ಅದಕ್ಕೆ ನಾಲ್ಕು ಮೂಲೆಗೂ ಹಗ್ಗ ಬಿಗಿದು ಗಂಟು ಹಾಕಿದೆ. ಆಮೇಲೆ ಪಕ್ಕಕ್ಕೆ ಸರಿದು, ನನ್ನ ಮುಖ ನೋಡದೆ, "ನೀನೇ ಒಂದ್ಸಲ ಎಳ್ದು ನೋಡು ಮಾರಿಟ್. ನನ್ನ ಗಂಟನ್ನ ನಂಬ್ಬೇಡ" ಅಂದೆ. ಇಡೀ ವಿಸ್ಕಾನ್ಸಿನ್‌ನಲ್ಲಿ ನಿನ್ನಷ್ಟು ಚೆನ್ನಾಗಿ ಗಂಟು ಹಾಕುವವರು ಇನ್ನೊಬ್ಬರಿಲ್ಲ. ಆದರೆ ನಾನು ಮಾಡಿದ್ದೇನು? ಹಗ್ಗ ಎಳೆದು ನೋಡಿದೆ. "ಗಟ್ಟಿ ಇದೆ" ಎಂದು ಹೇಳಿ ಗಾಡಿ ಹತ್ತಿದೆ. ಇಂಥ ತಂಗಿ ನಿನಗೆ.

ಅಪ್ಪ ನನ್ನನ್ನು ಬೇಟೆಗೆ ಕಳಿಸುವುದಿಲ್ಲ ಎಂದು ಹಟ ಹಿಡಿದ ದಿನ ನೆನಪಿದೆಯೇ? ನನಗೆ ಹದಿಮೂರು, ನಿನಗೆ ಹದಿನೇಳು. "ಹೆಣ್ಣುಹುಡುಗಿ ಮರ ಹತ್ತಿದ್ರೆ ಬೀಳ್ತಾಳೆ ಅಷ್ಟೇ" ಎಂದು ಅಪ್ಪ ಕಾಫಿ ಲೋಟ ಕುಕ್ಕಿದ. ನೀನು ಬಾಯಲ್ಲಿ ರೊಟ್ಟಿ ತುಂಬಿಕೊಂಡೇ, "ಬಿದ್ರೆ ನಾನು ಹಿಡ್ಕೋತೀನಿ ಬಿಡಪ್ಪ, ನಿನಗ್ಯಾಕೆ ಚಿಂತೆ" ಅಂದೆ. ಮರ ಹತ್ತುವಾಗ ಎದೆಗೂ ತೊಡೆಗೂ ಬಿಗಿದುಕೊಳ್ಳುವ ಮೈಪಟ್ಟಿ ಆಗೆಲ್ಲ ಎಲ್ಲಿತ್ತು! ದನ ಕಟ್ಟುವ ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಓಕ್ ಮರಕ್ಕೆ ಕಟ್ಟಿ, "ಏನೇ ಬರ್ಲಿ, ಇದನ್ನ ಮಾತ್ರ ಬಿಚ್ಬೇಡ. ಆನೆ ಬಂದ್ರೂ ಬಿಚ್ಬೇಡ" ಎಂದು ಹೇಳಿಕೊಟ್ಟೆ. ನಮ್ಮ ಗುಡ್ಡಕ್ಕೆ ಆನೆ ಎಲ್ಲಿಂದ ಬರಬೇಕು ಎಂದು ನಾನು ಮೂರು ದಿನ ನಕ್ಕಿದ್ದೆ.

ಆಮೇಲೆ ನಲವತ್ತು ಚಿಲ್ಲರೆ ವರ್ಷ ಮರದ ಮೇಲೆ ಕೂತು ಕಾಯುವ ನನ್ನ ಅಟ್ಟಣೆಗಳನ್ನೆಲ್ಲ ನೀನೇ ಕಟ್ಟಿದೆ. ಪ್ರತಿ ಸೆಪ್ಟೆಂಬರಿನಲ್ಲಿ ಮರದಿಂದ ಮರಕ್ಕೆ ಹೋಗಿ, ಕಾಂಡಕ್ಕೆ ಸುತ್ತಿದ ಹಳೆಯ ಪಟ್ಟಿ ಕಿತ್ತು ಹೊಸದು ಬಿಗಿದು, ಅದರ ಮೇಲೆ ಕಪ್ಪು ಶಾಯಿಯಲ್ಲಿ ಇಸವಿ ಬರೆಯುತ್ತಿದ್ದೆ. ಮೇಲೆ ಹೋದವಳು ನನ್ನ ಮೈಪಟ್ಟಿಯ ಕೊಕ್ಕೆಯನ್ನು ಮರದ ಆ ಪಟ್ಟಿಗೆ ಸಿಕ್ಕಿಸಿಕೊಂಡರೆ ಮುಗಿಯಿತು, ತಾಯಿಯ ಸೆರಗು ಹಿಡಿದ ಹಾಗೆ. ಗುಡ್ಡದ ನೆತ್ತಿಯ ಅಟ್ಟಣೆಗೆ 'ಪಾದ್ರಿ ಬೆಂಚು' ಎಂದು ಹೆಸರಿಟ್ಟವನೂ ನೀನೇ. ಚರ್ಚಿನಲ್ಲಿ ಪಾದ್ರಿಯ ಎದುರು ಕೂತ ಹಾಗೆ, ಅಲ್ಲಿ ಕೆಮ್ಮುವ ಹಾಗಿಲ್ಲ, ತೂಕಡಿಸುವ ಹಾಗಿಲ್ಲ ಎಂದು.

ಎರಡು ವರ್ಷದ ಹಿಂದೆ ಅಕ್ಟೋಬರ್ ಕೊನೆಯ ವಾರ ನಾನು ಕೂತಿದ್ದು ಅದೇ ಪಾದ್ರಿ ಬೆಂಚಿನ ಮೇಲೆ. ಏನಾಯಿತೆಂದು ನೀನು ಊರಿಗೆಲ್ಲ ಹೇಳಿದ್ದೀಯ. ಈಗ ನಾನು ಹೇಳುವುದನ್ನು ಕೇಳು.

ಗಂಡು ಜಿಂಕೆ ಬಂದದ್ದು ನನ್ನ ಬಲಬದಿಗೆ, ಬೆನ್ನ ಹಿಂದಿನಿಂದ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ, ನಿನಗೆ ಗೊತ್ತು. ಅಂಥ ಕೋಡು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಎದ್ದು ತಿರುಗಿದರೆ ಮೈಪಟ್ಟಿಯ ಹಗ್ಗ ಮೊಣಕೈಗೆ ಅಡ್ಡ ಬರುತ್ತಿತ್ತು. ಇನ್ನೊಂದು ಕಡೆಯಿಂದ ತಿರುಗಲು ಆಗುತ್ತಿರಲಿಲ್ಲ. ಅರ್ಧ ನಿಮಿಷ, ಅಷ್ಟೇ ಎಂದುಕೊಂಡೆ. ಮೈಪಟ್ಟಿಯ ಕೊಕ್ಕೆ ಬಿಚ್ಚಿಬಿಟ್ಟೆ. ಹನ್ನೊಂದು ವರ್ಷದಿಂದ ಹೊಸ ಬೇಟೆಗಾರರಿಗೆ ಸುರಕ್ಷತೆಯ ಪಾಠ ಹೇಳುತ್ತಿರುವ ನಾನು, ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವ ತನಕ ಕೊಕ್ಕೆ ಬಿಚ್ಚಬಾರದು ಎಂದು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುವ ನಾನು. ಬಾಣ ಹೂಡಿ ಅರ್ಧ ಹೆಜ್ಜೆ ಹಿಂದಿಟ್ಟೆ. ಕಾಲಡಿಗೆ ಹಲಗೆ ಇರಲಿಲ್ಲ.

ಬಿಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀಳುತ್ತಾ ಬಲಗೈಗೆ ಸಿಕ್ಕಿದ್ದು ನಿನ್ನ ಪಟ್ಟಿ. ಅದನ್ನು ಹಿಡಿದು ಜೋತುಬಿದ್ದೆ. ಭುಜದೊಳಗೆ ಒದ್ದೆ ಬಟ್ಟೆ ಹರಿದ ಹಾಗೆ ಸದ್ದಾಯಿತು. ಒಂದು ಕ್ಷಣ, ಎರಡು ಕ್ಷಣ ನಿನ್ನ ಪಟ್ಟಿ ನನ್ನನ್ನು ಹಿಡಿದುಕೊಂಡಿತ್ತು ಅರ್ಲೆನ್. ಆಮೇಲೆ ನನ್ನ ಅಡ್ಡಾದಿಡ್ಡಿ ಭಾರಕ್ಕೆ ಬಕಲ್ ಕಿತ್ತುಕೊಂಡಿತು. ಪಟ್ಟಿ ನನ್ನ ಮುಷ್ಟಿಯಲ್ಲೇ ಇತ್ತು, ನಾನು ನೆಲದ ಮೇಲಿದ್ದೆ.

ನೀನು ನಿನ್ನ ಅಟ್ಟಣೆಯಿಂದ ಇಳಿದು ಓಡಿ ಬಂದೆ. "ಏನಾಯ್ತೇ? ಏನಾಯ್ತು?" ಎಂದು ಕೂಗಿದೆ. ಉಸಿರು ಸಿಗುತ್ತಿರಲಿಲ್ಲ ನನಗೆ. "ಪಟ್ಟಿ... ಬಿಚ್ಚಿದೆ" ಅಂದೆ. ದೇವರಾಣೆಗೂ ನಾನು ಹೇಳಲು ಹೊರಟಿದ್ದು ನನ್ನ ಮೈಪಟ್ಟಿಯ ಮಾತು, 'ನಾನು ಬಿಚ್ಚಿದೆ' ಎಂದೇ. 'ನಾನು' ಎಂಬುದೊಂದು ಗಂಟಲಿನಿಂದ ಹೊರಡಲಿಲ್ಲ. ನೀನು ನನ್ನ ಮುಷ್ಟಿಯಲ್ಲಿದ್ದ ಪಟ್ಟಿಯನ್ನು ನೋಡಿದೆ. ಅದರ ಮೇಲೆ ನಿನ್ನದೇ ಅಕ್ಷರದಲ್ಲಿ ಬರೆದಿದ್ದ ಇಸವಿಯನ್ನು ನೋಡಿದೆ. "ಅಯ್ಯೋ, ನಾನು ಕಟ್ಟಿದ್ದು ಬಿಚ್ಚಿಹೋಯ್ತಾ!" ಎಂದು ತಲೆ ಹಿಡಿದುಕೊಂಡು ಎಲೆಗಳ ಮೇಲೆ ಕೂತುಬಿಟ್ಟೆ. ನಾನು ಅಲ್ಲವೆನ್ನಲು ಬಾಯಿ ತೆರೆದೆ. ಮುಚ್ಚಿದೆ. ಅಲ್ಲಿಯ ತನಕ ಆದದ್ದು ಅಪಘಾತ, ಅಣ್ಣ. ಅದರಿಂದೀಚೆಗಿನದೆಲ್ಲ ನಾನು ಬೇಕೆಂದೇ ಮಾಡಿದ್ದು.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, "ಹದಿನೆಂಟಡಿಯಿಂದ ನೇರ ಬಿದ್ದಿದ್ರೆ ಬೆನ್ನುಮೂಳೆ ಉಳೀತಿರ್ಲಿಲ್ಲ. ಮಧ್ಯದಲ್ಲಿ ಏನೋ ನಿಮ್ಮನ್ನ ತಡೆದಿದೆ" ಅಂದರು. ಏನು ತಡೆದಿದೆ ಎಂದು ನನಗೆ ಗೊತ್ತಿತ್ತು. ನೀನು ಬಾಗಿಲ ಹೊರಗೆ ಟೋಪಿ ತಿರುಚುತ್ತಾ ನಿಂತು, ಪಟ್ಟಿ ಬಿಚ್ಚಿದ ಮೇಲೆ ಅವಳ ಕೊಕ್ಕೆ ಜಾರಿ ಬಂದಿರಬೇಕು, ತಪ್ಪು ನನ್ನದು ಎಂದು ಕಾನಿಗೆ ವಿವರಿಸುವುದು ಒಳಗೆ ಕೇಳುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ಎರಡು ವರ್ಷ ಹಿಡಿಯಿತು.

ಆರು ವಾರ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಹಾಕಿಕೊಂಡು ಕುರ್ಚಿಯಲ್ಲೇ ಮಲಗಿದೆ. ಬೆನ್ನ ಹಿಂದಕ್ಕೆ ಕೈ ಹೋಗದೆ, ತಲೆ ಬಾಚಿಕೊಳ್ಳಲಾಗದೆ ಅತ್ತದ್ದೂ ಉಂಟು. ನಾನು ಓಡಿಸುತ್ತಿದ್ದ ಸ್ಕೂಲ್ ಬಸ್ಸಿನ ಬಾಗಿಲ ಹಿಡಿಕೆ ಎಳೆಯಲಾಗದೆ ಆ ವರ್ಷದ ಕೆಲಸ ಹೋಯಿತು. ಆಗೆಲ್ಲ ಹಿಮ ಬಿದ್ದ ಬೆಳಿಗ್ಗೆ ನಾನು ಕಣ್ಣು ಬಿಡುವ ಮುಂಚೆ ನನ್ನ ಅಂಗಳದ ಹಿಮ ಎತ್ತಿ ಹೋಗಿರುತ್ತಿದ್ದೆ ನೀನು. ಬಾಗಿಲು ತಟ್ಟುತ್ತಿರಲಿಲ್ಲ. ಕಾಫಿಗೆ ಕರೆದರೆ "ಲಾರಿ ಕಾಯ್ತಿದೆ" ಅನ್ನುತ್ತಿದ್ದೆ. ಭಾನುವಾರದ ಊಟಕ್ಕೆ ಬರುವುದನ್ನು ಬಿಟ್ಟೆ. ನಿನ್ನ ಬಿಲ್ಲನ್ನೂ ಯಾರಿಗೋ ಕೊಟ್ಟುಬಿಟ್ಟೆ ನೀನು. ನಾನು ಒಂದು ಮಾತು ಹೇಳಿದ್ದರೆ ಇದೆಲ್ಲ ನಿಲ್ಲುತ್ತಿತ್ತು. ಭುಜದ ನೋವಿಗಾದರೆ ಮಾತ್ರೆಯಿತ್ತು, ನಿನ್ನ ಹಿಮದ ಸಲಿಕೆ ಕೆರೆಯುವ ಸದ್ದಿಗೆ ಏನೂ ಇರಲಿಲ್ಲ. ಕಂಬಳಿ ಎಳೆದುಕೊಂಡು ಮಲಗುತ್ತಿದ್ದೆ.

ಇನ್ನೂ ಕೆಟ್ಟದ್ದಿದೆ. ಊರವರೆಲ್ಲ ಸೇರುವ ಶುಕ್ರವಾರದ ಮೀನಿನೂಟದಲ್ಲಿ ಆ ಕುಚೋದ್ಯದ ಡ್ವೇನ್ ತನ್ನ ಕಾಲನ್ನು ನಿನ್ನ ಮುಂದೆ ಚಾಚಿ, "ಅರ್ಲೆನ್, ನನ್ನ ಲೇಸು ಕಟ್ಟಿಕೊಡ್ತೀಯೇನೋ? ಬೇಡ ಬೇಡ, ಬಿಡಪ್ಪ. ನಾನಿನ್ನೂ ನಾಲ್ಕು ದಿನ ಬದುಕ್ಬೇಕು" ಅಂದ. ಇಡೀ ಮೇಜು ನಕ್ಕಿತು. ನೀನೂ ನಕ್ಕ ಹಾಗೆ ಮಾಡಿದೆ. ನಾನೂ ನಕ್ಕೆ, ಅರ್ಲೆನ್. ಬಾಯಲ್ಲಿ ಮೀನು ಇಟ್ಟುಕೊಂಡು ನಕ್ಕೆ. ಆಮೇಲೆ ಆಗಸ್ಟಿನಲ್ಲಿ ಪಾಠದ ತರಗತಿಯಲ್ಲಿ ನಲವತ್ತು ಜನರ ಮುಂದೆ ನಿಂತು, ನನ್ನ ಭುಜ ತೋರಿಸಿ, "ನೋಡಿ, ಮರದ ಪಟ್ಟಿಯ ವಿಷಯದಲ್ಲಿ ಬೇರೆಯವರನ್ನು ನಂಬಬೇಡಿ, ನೀವೇ ಪರೀಕ್ಷಿಸಿ" ಎಂದು ಪಾಠ ಮಾಡಿದೆ. ಹೆಸರು ಹೇಳಲಿಲ್ಲ, ನಿಜ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಈ ವಸಂತದಲ್ಲಿ ನೀನು ನನ್ನ ಜಗಲಿಯಲ್ಲಿ, ಬಂದೂಕಿನಂತೆ ಕುದುರೆ ಎಳೆದು ಬಾಣ ಬಿಡುವ ಒಂದು ಅಡ್ಡಬಿಲ್ಲು ಇಟ್ಟು ಹೋದೆಯಲ್ಲ, "ಭುಜಕ್ಕೆ ಭಾರ ಇಲ್ಲ" ಎಂದು ಚೀಟಿ ಬರೆದು. ಅದನ್ನು ನೋಡಿ ಮೊದಲು ಸಿಟ್ಟು ಬಂತು. ಅಡ್ಡಬಿಲ್ಲೆಂದರೆ ಬಂದೂಕಿಗೆ ಹುಟ್ಟಿ ಬಿಲ್ಲಿನ ಹೆಸರಿಟ್ಟುಕೊಂಡ ಕೂಸು ಎಂದು ಮೂವತ್ತು ವರ್ಷ ಊರೆಲ್ಲ ಸಾರಿದವನು ನೀನು. ಅಂಥವನು ತಾನೇ ತಂದಿಟ್ಟಿದ್ದಾನೆಂದರೆ ನನ್ನಣ್ಣ ಎಷ್ಟು ಮುರಿದಿರಬೇಕು ಎಂದು ಆಮೇಲೆ ಹೊಳೆಯಿತು. ಅದನ್ನು ಅಲ್ಲೇ ಬಿಟ್ಟು ಒಳಗಿನಿಂದ ನನ್ನ ಹಳೆಯ ಬಿಲ್ಲನ್ನು ತೆಗೆದೆ.

ಐವತ್ತೆರಡು ಪೌಂಡ್ ಬಿಗಿಯ ಹೆದೆ ಎಳೆಯುತ್ತಿದ್ದವಳಿಗೆ ಇಪ್ಪತ್ತು ಎಳೆಯಲು ಆಗಲಿಲ್ಲ. ನನಗೆ ವ್ಯಾಯಾಮ ಮಾಡಿಸುತ್ತಿದ್ದ ಬ್ರೆನ್ನಾ, "ಬಾಗಿಲಿಗೆ ರಬ್ಬರ್ ಕಟ್ಟಿ ಎಳೀರಿ ಮಾರಿಟ್ ಅವ್ರೇ, ಬಿಲ್ಲಿನ ಜಪ ಬಿಡಿ" ಎಂದು ಗದರಿದಳು. ದಿನಾ ಎಳೆದೆ. ಜುಲೈಗೆ ಮೂವತ್ತು. ಸೆಪ್ಟೆಂಬರಿಗೆ ಮೂವತ್ತೆಂಟು. ಅಷ್ಟು ಸಾಕು, ಹದಿನೈದು ಹೆಜ್ಜೆಯೊಳಗೆ ಬಂದರೆ ಮಾತ್ರ ಹೊಡೆಯುವುದು ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಅಟ್ಟಣೆ ಕಟ್ಟಿಕೊಡು ಎಂದು ನಿನ್ನನ್ನು ಕೇಳಲು ಬಂದಾಗ ನೀನು ಲಾರಿಯಿಂದ ಇಳಿಯಲೇ ಇಲ್ಲ. "ನನ್ನ ಕೈಯಲ್ಲಿ ಇನ್ನೊಂದು ಪಟ್ಟಿ ಕಟ್ಟಿಸ್ಬೇಡ. ಕೈ ಮುಗೀತೀನಿ" ಅಂದೆ. ಅಲ್ಲೂ ಬಾಯಿ ಬಿಡಲಿಲ್ಲ ನಾನು.

ಹಾಗಾಗಿ ನಿನ್ನೆ ನೆಲದ ಮೇಲೆ, ಪಾದ್ರಿ ಬೆಂಚಿದ್ದ ಮರದ ಕೆಳಗೆ ಬಿದ್ದ ದಿಮ್ಮಿಯ ಹಿಂದೆ ಕೂತೆ. ಬಿಸಿಲು ಬಂದ ಮೇಲೆ ಹೆಣ್ಣು ಜಿಂಕೆ ಬಂತು. ಹನ್ನೆರಡು ಹೆಜ್ಜೆ. ಹೆದೆ ಎಳೆದೆ. ಭುಜ ಕೂಗಿಕೊಂಡಿತು, ಆದರೆ ಕೊಟ್ಟ ಕೆಲಸ ಮಾಡಿತು. ಬಾಣ ಹೋಗಬೇಕಾದ ಕಡೆಗೇ ಹೋಯಿತು. ಜಿಂಕೆ ತೊರೆಯ ತನಕ ಓಡಿ ಮಲಗಿತು. ಈ ಒಂದು ಗಳಿಗೆಗಾಗಿ ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಬಂದಾಗ ಸಂತೋಷವೇ ಆಗಲಿಲ್ಲ. ಇದನ್ನು ಯಾರಿಗೆ ಹೇಳಲಿ ಎಂದು ನೋಡಿದರೆ ನೀನೊಬ್ಬನೇ ಇದ್ದೆ, ನಿನ್ನ ಮುಖ ನೋಡುವ ಯೋಗ್ಯತೆ ನನಗಿರಲಿಲ್ಲ. ಆದರೂ ಎಳೆದು ತರಲು ಬಲವಿಲ್ಲದೆ ನಿನಗೇ ಫೋನು ಮಾಡಿದೆ. ನೀನು ಇಪ್ಪತ್ತೇ ನಿಮಿಷದಲ್ಲಿ ಬಂದೆ. "ಚೆನ್ನಾಗಿ ಹೊಡ್ದಿದೀಯ" ಅಂದೆ. ಆಮೇಲೆ ನಿನ್ನ ಕಣ್ಣು ಆ ಓಕ್ ಮರದ ಮೇಲೆ ಹೋಯಿತು, ನೀನು ಬಗ್ಗಿ ಜಿಂಕೆಯ ಕಾಲು ಹಿಡಿದು ಎಳೆಯತೊಡಗಿದೆ.

ನಾನು ಯಾಕೆ ಹೇಳಲಿಲ್ಲ? ಪಾಠ ಹೇಳುವವಳು ಎಂಬ ಮರ್ಯಾದೆ ಹೋಗುತ್ತದೆಂದು. ಹೆಣ್ಣುಹುಡುಗಿ ಬೀಳುತ್ತಾಳೆ ಎಂದ ಅಪ್ಪ ಸತ್ತು ಇಪ್ಪತ್ತು ವರ್ಷವಾದರೂ ಅವನು ಗೆದ್ದುಬಿಡುತ್ತಾನೆಂದು. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದೇನಿಲ್ಲ. ನನಗೇ ನಾಚಿಕೆಯಾಗುತ್ತದೆ.

ಈಗ ಆ ಪೊಟ್ಟಣ ಬಿಚ್ಚು. ನೀನು ಉಳಿದ ಪಟ್ಟಿಗಳನ್ನೆಲ್ಲ ಸುಟ್ಟೆಯಂತೆ. ಇದೊಂದು ಉಳಿದಿತ್ತು. ಆಸ್ಪತ್ರೆಯವರು ನನ್ನ ಬಟ್ಟೆಗಳ ಜೊತೆ ಚೀಲಕ್ಕೆ ಹಾಕಿಕೊಟ್ಟಿದ್ದರು, ಅಮ್ಮನ ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಇಸವಿ ನೋಡು, ಆ ವರ್ಷದ್ದೇ. ನೀನು ಬದಲಿಸಲು ಮರೆತಿರಲಿಲ್ಲ. ಬಕಲ್ಲಿನ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡು, ಒಂದೇ ಕಡೆಗೆ ತಿರುಚಿಕೊಂಡಿದೆ. ತಾನಾಗಿ ಸಡಿಲವಾದ ಬಕಲ್ ಹಾಗೆ ತಿರುಚಿಕೊಳ್ಳುವುದಿಲ್ಲ. ನೂರ ಅರವತ್ತು ಪೌಂಡಿನ ಹೆಂಗಸು ಒಂದೇ ಕೈಯಲ್ಲಿ ಅಡ್ಡಕ್ಕೆ ಜೋತುಬಿದ್ದರೆ ಹಾಗಾಗುತ್ತದೆ. ನನ್ನ ಮಾತು ನಂಬಬೇಡ, ಅದಕ್ಕೆ ಈಗ ಬೆಲೆಯಿಲ್ಲ. ಕಬ್ಬಿಣವನ್ನು ನಂಬು.

ಈ ಶುಕ್ರವಾರ ಮೀನಿನೂಟದಲ್ಲಿ ಡ್ವೇನ್‌ನ ಮುಂದೆ, ಆ ಇಡೀ ಮೇಜಿನ ಮುಂದೆ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಪಾಠದ ಕೆಲಸ ಬಿಡುತ್ತೇನೆಂದು ಬರೆದ ಕಾಗದವೂ ಇದರ ಜೊತೆಗೇ ಟಪಾಲಿಗೆ ಬೀಳುತ್ತದೆ. ನೀನು ಬಂದು ಕೇಳಬೇಕೆಂದಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ, ಎರಡು ಚಳಿಗಾಲದ ಹಿಮ ಎತ್ತಿಸಿಕೊಂಡವಳು ಅದನ್ನು ಬಾಯಿಬಿಟ್ಟು ಕೇಳಬಾರದು. ಬೈಯಬೇಕೆನಿಸಿದರೆ ಮಾತ್ರ ಬಾ. ಬಾಗಿಲು ತಟ್ಟಿ ಒಳಗೆ ಬಂದು, ಕೂತು, ಕಾಫಿ ಕುಡಿದು ಬೈ.

ಅಪ್ಪನಿಗೆ ಅಂದು ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ ಎಂದು ನೀನು ಕೊರಗುತ್ತೀಯೆಂದು ಅತ್ತಿಗೆ ಹೇಳಿದಳು. ಉಳಿಸಿಕೊಂಡಿದ್ದೀಯ ಅಣ್ಣ. ನಾನು ಬಿದ್ದಾಗ ನೀನು ಹಿಡಿದುಕೊಂಡೆ. ಅದಕ್ಕೇ ಇವತ್ತು ಇದನ್ನು ಬರೆಯಲು ಬದುಕಿದ್ದೇನೆ. ಅವತ್ತು ಎಲೆಗಳ ಮೇಲೆ ಬಿದ್ದುಕೊಂಡು ಅರ್ಧ ಹೇಳಿದ್ದನ್ನು ಈಗ ಪೂರ್ತಿ ಹೇಳುತ್ತೇನೆ: ಪಟ್ಟಿ ನಾನು ಬಿಚ್ಚಿದೆ.

ನಿನ್ನ ಕೈಗೆ ಮತ್ತೆ ಅದರ ನಂಬಿಕೆ ಬರಲಿ, ನಿನಗೆ ನಿದ್ದೆ ಬರಲಿ.

ನೀನು ಹಿಡಿದುಕೊಂಡ ತಂಗಿ,
ಮಾರಿಟ್