ಕುರಿಯ ಕೊರಳಿಗೆ ಕಟ್ಟಿದ ಗಾಳಿಬಳಗ

ಘಟಪ್ರಭೆಯ ದಂಡೆ, ಕುರಿಹಟ್ಟಿ.
ಎರಡು ಸಾವಿರದ ಇನ್ನೂರ ಹದಿನಾಲ್ಕನೆಯ ಇಸವಿ, ಸೋಮವಾರ.

ಹಿಂದಿನ ಕಾಲದ ನನ್ನ ಹಿರಿಯರೇ,

ಇಸವಿ ನೋಡಿ ಕಣ್ಣುಜ್ಜಿಕೊಳ್ಳಬೇಡಿ, ನಾನು ತಪ್ಪು ಬರೆದಿಲ್ಲ. ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದೂ ಕೇಳಬೇಡಿ, ನನಗೂ ತಿಳಿಯದು. ನಾನು ಲಗಮವ್ವ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ನಿನ್ನೆ ನನ್ನ ತಂಗಿ ಹಾಲವ್ವನ ಜೀವದ ಮೇಲೆ ಬಂದದ್ದು ಹೇಗೆ ಹೋಯಿತೆಂದು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದೇ ಹೋಗುತ್ತದೆ.

ನಿಮ್ಮ ಕಾಲದಲ್ಲಿ ಇಂಟರ್ನೆಟ್ ಸಿಗಲೆಂದು ಜನ ಫೋನು ಎತ್ತಿ ಹಿಡಿದು ಮಾಳಿಗೆ ಹತ್ತುತ್ತಿದ್ದರಂತೆ. ಒಂದು ಟವರ್ ಕೆಟ್ಟರೆ ಇಡೀ ಊರು ಮೂಕ. ನಮ್ಮಲ್ಲಿ ಟವರ್ ಇಲ್ಲ, ಕುರಿ ಇವೆ. ಪ್ರತಿ ಕುರಿಯ ಕೊರಳಿಗೂ ಹೆಬ್ಬೆರಳಗಲದ ಒಂದು ಪಟ್ಟಿ. ಅದಕ್ಕೆ ಬಿಸಿಲೇ ಊಟ. ಈ ಪಟ್ಟಿಯಿಂದ ಆ ಪಟ್ಟಿಗೆ, ಈ ಹಿಂಡಿನಿಂದ ಆಚೆ ದಂಡೆಯ ಹಿಂಡಿಗೆ ಸುದ್ದಿ ಹಾರುತ್ತ ಹೋಗುತ್ತದೆ. ಇದನ್ನು ಗಾಳಿಬಳಗ ಎನ್ನುತ್ತೇವೆ. ಒಂದು ಕುರಿ ಜಾಲಿಯ ನೆರಳಿನಲ್ಲಿ ಮಲಗಿದರೆ ಇನ್ನೊಂದು ಹೊರುತ್ತದೆ. ಡಾಕ್ಟರ ಸಲಹೆ, ಮೊಮ್ಮಕ್ಕಳ ಪಾಠ, ಉಣ್ಣೆಯ ದರ, ಅಣೆಕಟ್ಟೆಯವರು ನೀರು ಬಿಡುವ ಹೊತ್ತು, ಎಲ್ಲವೂ ಕುರಿಯ ಕೊರಳ ಮೇಲೆಯೇ ಬರುತ್ತವೆ. ಹೊಸ ಪಟ್ಟಿ ಬಳಗ ಸೇರಬೇಕಾದರೆ ನಮ್ಮ ಹಟ್ಟಿಯ ಗುಟ್ಟಿನ ಮಾತನ್ನು ಅದಕ್ಕೆ ಕೊಡಬೇಕು. ಆ ಮಾತು ಹಿರಿಯಳಾದ ನನ್ನ ಬಾಯಲ್ಲಿರುತ್ತದೆ.

ಮೊನ್ನೆ ದಾರಿ ತಪ್ಪಿದ ಒಂದು ಕುರಿ ಬಂತು. ಅಂಥದ್ದನ್ನು ಓಡಿಸುವುದು ನಮ್ಮಲ್ಲಿ ಪಾಪ. ಬೆನ್ನಿಗೆ ನಮ್ಮ ಹಟ್ಟಿಯ ಕೆಂಪು ಗುರುತು ಹಚ್ಚಿ, ಒಡೆಯ ಬರುವವರೆಗೆ ನಮ್ಮದರಂತೆಯೇ ಮೇಯಿಸುತ್ತೇವೆ. ನಾನು ಕೆಂಪು ಹಚ್ಚಿದೆ. ಹಚ್ಚಿದ ಕೈಯಲ್ಲೇ ಅದರ ಪಟ್ಟಿಗೂ ಗುಟ್ಟಿನ ಮಾತು ಕೊಟ್ಟುಬಿಟ್ಟೆ. ಗಾಳಿಬಳಗ ನೋಡಿಕೊಳ್ಳುವ ನನ್ನ ಸೊಸೆ ಸುಗಲವ್ವ ಓಡಿಬಂದಳು.

“ಅತ್ತಿ, ಯಾರದೋ ಪಟ್ಟಿಗೆ ನಮ್ಮ ಗುಟ್ಟು ಕೊಟ್ರ್ಯಾ?”

“ಹಟ್ಟಿಗೆ ಬಂದದ್ದು ನಮ್ದ. ಕುರಿ ಕಾಯೂದು ನನಗ ಕಲಿಸಾಕ ಬಂದೀ ಏನ?”

“ಕುರಿ ನಮ್ದ ಇರ್ಲಿ ಬಿಡ್ರಿ. ಪಟ್ಟಿ ಯಾರ್ದಂತ ಕೇಳಿದೆ.”

ಗದರಿಸಿ ಕಳಿಸಿದೆ. ಹೋದ ತಿಂಗಳು ಇದೇ ಸುಗಲವ್ವ ಎಲ್ಲ ಪಟ್ಟಿಗಳಿಗೂ ‘ಇಬ್ಬಾಯಿ’ ಎಂಬ ಕಟ್ಟಳೆ ಹಾಕಿದ್ದಳು. ಜೀವಕ್ಕೆ ಸಂಬಂಧಪಟ್ಟ ಸುದ್ದಿ ಎರಡು ಬೇರೆ ದಾರಿಗಳಿಂದ ಬರಬೇಕು, ಕಳಿಸಿದವರ ಮೊಹರು ಅದರ ಮೇಲಿರಬೇಕು. ಎರಡು ಬಾಯಿ ಎರಡು ಮಾತಾಡಿದರೆ ಪಟ್ಟಿಗಳೆಲ್ಲ ಗುಂಯ್‌ಗುಡಬೇಕು. ಆ ಸದ್ದಿಗೆ ಕುರಿಗಳು ದಿಬ್ಬ ಹತ್ತುವಂತೆ ಪಳಗಿಸಿದ್ದಳು. ಕೆಲಸವಿಲ್ಲದವಳ ಕೆಲಸ ಎಂದು ನಾನು ನಕ್ಕಿದ್ದೆ.

ನಿನ್ನೆ ಬೆಳಿಗ್ಗೆ ಹಾಲವ್ವ ಮುನ್ನೂರು ಕುರಿ ಹೊಡೆದುಕೊಂಡು ಬತ್ತಿದ ಹೊಳೆಯ ತಳಕ್ಕಿಳಿದಳು. ಅಣೆಕಟ್ಟೆಯವರು ಮಧ್ಯಾಹ್ನ ನೀರು ಬಿಡುತ್ತೇವೆಂದು ಸಾರಿದ್ದರು. ನನ್ನ ಆ ಅತಿಥಿ ಕುರಿಯ ಪಟ್ಟಿ ಅದನ್ನು ನುಂಗಿ, ಇವತ್ತು ನೀರಿಲ್ಲ ಎಂದು ನಮಗೆಲ್ಲ ಉಗುಳಿತ್ತು. ಹಿಂಡು ತಳದಲ್ಲೇ ಉಳಿದರೆ ನೀರು ಬರುವ ಮೊದಲೇ ಊರವರ ಕಣ್ಣಿಗೆ ಬೀಳದೆ ಹೊಡೆದುಕೊಂಡು ಹೋಗಬಹುದೆಂದು ಕುರಿಗಳ್ಳರು ಕಟ್ಟಿದ ಪಟ್ಟಿ ಅದೆಂದು ಆಮೇಲೆ ತಿಳಿಯಿತು. ನಾನು ಎರಡನೆಯ ಬಾಯಿಗೆ ಕಾಯದೆ ನಂಬಿ ದಂಡೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದೆ.

ಆದರೆ ನಿಜದ ಸುದ್ದಿ ಆಚೆ ದಂಡೆಯ ಹಿಂಡಿನಿಂದಲೂ ಬಂತು, ಮೊಹರು ಸಮೇತ! ಮುನ್ನೂರು ಕೊರಳು ಒಮ್ಮೆಲೇ ಗುಂಯ್ ಎಂದವು. ಕುರಿಗಳು ತಲೆಯೆತ್ತಿ ದಿಬ್ಬದ ಕಡೆ ಓಡಿದವು. ಹಾಲವ್ವ ಕೋಲು ಬೀಸುತ್ತ ಹಿಂದೆ ಓಡಿದಳು.

“ಏ ಹಾಳಾದವ್ಯಾ, ಮ್ಯಾಲ ಏನೈತಿ, ನಿಮ್ಮಪ್ಪನ ಮದವಿ ಐತೇನ?”

ಬೈಯುತ್ತಲೇ ದಂಡೆ ಹತ್ತಿದಳು. ಬೈಗುಳ ಮುಗಿಯುವ ಮೊದಲೇ ಕೆಂಪು ನೀರು ಗೋಡೆಯಂತೆ ಬಂತು. ತಳದಲ್ಲಿ ಅವಳು ನಿಂತಿದ್ದ ಬಂಡೆ ಕಾಣದಾಯಿತು. ಒಂದು ಮರಿಯೂ ಹೋಗಲಿಲ್ಲ. ನಾನು ಎಪ್ಪತ್ತನಾಲ್ಕರ ಮುದುಕಿ, ಸೊಸೆಯನ್ನು ಎತ್ತಿಕೊಂಡು ಕುಣಿಯಲು ಹೋಗಿ ಸೊಂಟ ಹಿಡಿಸಿಕೊಂಡೆ.

ಸುಗಲವ್ವ ಆ ಅತಿಥಿ ಕುರಿಯ ಪಟ್ಟಿ ಬಿಚ್ಚಿದಳು, ಗುಟ್ಟಿನ ಮಾತು ಬದಲಿಸಿದಳು, ನನ್ನ ತಪ್ಪಿನ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನೂ ಮುಚ್ಚಿಡಬಹುದಿತ್ತು. ಆದರೆ ಬೇರೆ ಹಟ್ಟಿಯಲ್ಲೂ ಇಂಥ ಪಟ್ಟಿ ಇದ್ದರೆ? ಅವರ ಹಾಲವ್ವನಿಗೆ ಯಾರು ಗತಿ? ತಕ್ಷಣ ಸುತ್ತಲಿನ ಎಂಟು ಹಟ್ಟಿಗೂ ಸಾರಿಸಿದೆ: “ತಪ್ಪು ಲಗಮವ್ವಂದು. ನಗೂದು ನಾಳೆ ನಗ್ರಿ, ಮೊದಲ ನಿಮ್ಮ ಪಟ್ಟಿ ನೋಡ್ಕೋರಿ.” ಹೊತ್ತು ಮುಳುಗುವುದರೊಳಗೆ ಇನ್ನೆರಡು ಹಟ್ಟಿಗಳಲ್ಲಿ ಕಳ್ಳಪಟ್ಟಿ ಸಿಕ್ಕವು!

ನೀವು ಮನೆಯ ವೈಫೈ ಪಾಸ್‌ವರ್ಡನ್ನು ಬಂದವರಿಗೆಲ್ಲ ಹೇಳಿ, ಗೋಡೆಯ ಮೇಲೂ ಬರೆದಿಡುತ್ತಿದ್ದಿರಂತೆ. ಅದೂ ಒಂದು ಎರಡು ಮೂರು ನಾಲ್ಕು! ನಾಚಿಕೆಯಾಗಲಿಲ್ಲವೇ? ಬಂದವರಿಗೆ ನೀರು ಬೆಲ್ಲ ಕೊಡಿ, ಕೂರಲು ಕಂಬಳಿ ಹಾಸಿ. ಬಳಗದ ಗುಟ್ಟು ಕೊಡಬೇಡಿ. ಕೊಟ್ಟುಬಿಟ್ಟರೆ ಆ ಗಳಿಗೆಯಲ್ಲೇ ಊರೆಲ್ಲ ಕೇಳುವಂತೆ ಕೂಗಿ ಹೇಳಿ. ಇದಿಷ್ಟೇ ನನ್ನ ಕೋರಿಕೆ.

ಇನ್ನು ಬರೆಯಲಾರೆ. ಹಾಲವ್ವ ಬರುತ್ತಿದ್ದಾಳೆ, ಹಟ್ಟಿಯ ಬೇಲಿಯಾಚೆಯಿಂದಲೇ ನನ್ನ ಹೆಸರು ಹಿಡಿದು ಬೈಯುತ್ತಿದ್ದಾಳೆ. ಬೈಯಲಿ. ಸಂಜೆಯವರೆಗೂ ಬೈಯಲಿ. ಹೋಗಿ ಎದುರಿಗೆ ಕೂರುತ್ತೇನೆ.

ಲಗಮವ್ವ